ಗೋವೆಯ ಪೋರ್ಚುಗೀಸ್ ಕಡತಗಳಲ್ಲಿ ಊರ ಕಪ್ತಾನನನ್ನು ಹುಡುಕುವ ಬಗೆ

‘ನಮ್ಮ ಮನೆತನದ ಹಿರಿಯರೊಬ್ಬರು ಪೋರ್ಚುಗೀಸರ ಕಾಲದಲ್ಲಿ ಕಪ್ತಾನರಾಗಿದ್ದರಂತೆ’ ಎಂಬ ಮಾತು ಫೋಂಡಾ, ಕೇಪೆ, ಕಾಣಕೋಣದ ಹಳೆಯ ಮನೆಗಳಲ್ಲಿ ಇವತ್ತಿಗೂ ಕೇಳಿಬರುತ್ತದೆ. ಗಡಿಯಾಚೆ ಕಾರವಾರ, ಜೊಯಿಡಾ ಕಡೆಯೂ ಇದೆ. ಪಣಜಿಯ ಪತ್ರಾಗಾರದಲ್ಲಿ ಹುಡುಕಿದರೆ ಇದಕ್ಕೆ ಪುರಾವೆ ಸಿಗುವ ಸಂಭವ ಚೆನ್ನಾಗಿಯೇ ಇದೆ. ಆದರೆ ಕಪ್ತಾನನಿಗಿರುವ ಪೋರ್ಚುಗೀಸ್ ಪದ ‘ಕಪಿತಾಂವ್’ ಕಂಡ ಕೂಡಲೇ ಸಮವಸ್ತ್ರ ತೊಟ್ಟ ಸೇನಾಧಿಕಾರಿಯನ್ನು ಕಲ್ಪಿಸಿಕೊಂಡರೆ ಹುಡುಕಾಟ ಮೊದಲ ದಿನವೇ ಹಳಿ ತಪ್ಪುತ್ತದೆ. ಆ ಪದದಡಿ ನಾಲ್ಕೈದು ಬೇರೆ ಬೇರೆ ಕೆಲಸಗಳಿದ್ದವು. ಒಂದೊಂದರ ಕಾಗದವೂ ಒಂದೊಂದು ಸಾಲಿನಲ್ಲಿ, ಅಂದರೆ ಪುಸ್ತಕಗಳ ಸರಣಿಯಲ್ಲಿದೆ. ಹುದ್ದೆಯ ಹೆಸರು ಸನದಿನಲ್ಲಿ, ಅಂದರೆ ನೇಮಕದ ಪತ್ರದಲ್ಲಿರುತ್ತದೆ, ಹುದ್ದೆಯ ಬಲ ಮಾತ್ರ ಹೊಲದ ಕಾಗದದಲ್ಲಿ. ಎರಡನ್ನೂ ಹುಡುಕಬೇಕು.

ಯಾವ ಕಪ್ತಾನ?

ಪತ್ರಾಗಾರಕ್ಕೆ ಹೋಗುವ ಮುಂಚೆ ಮನೆಯಲ್ಲೇ ತೀರ್ಮಾನ ಮಾಡಿಕೊಳ್ಳಬೇಕಾದದ್ದು ಇದು.

ಕೋಟೆಯ ಕಪ್ತಾನ ನಿಮ್ಮವನಲ್ಲ. ರಾಯತೂರಿನಂಥ ಕೋಟೆಗಳ ಕಪ್ತಾನಗಿರಿ ಪೋರ್ಚುಗಲ್ಲಿನ ಕುಲೀನರಿಗೆ, ಸಾಮಾನ್ಯವಾಗಿ ಮೂರು ವರ್ಷದ ಅವಧಿಗೆ ಸಿಗುತ್ತಿದ್ದ ಹುದ್ದೆ. ಅವರು ಕೋಟೆ ಒಪ್ಪಿಕೊಳ್ಳುವಾಗ ಮಾಡಿದ ಪ್ರಮಾಣಗಳೆಲ್ಲ ‘ಒಮೆನಾಜೆನ್ಸ್’ ಎಂಬ ಪ್ರತ್ಯೇಕ ಪುಸ್ತಕಗಳಲ್ಲಿವೆ. ಊರಿನ ಮನೆತನದ ಹೆಸರಿಗಾಗಿ ಅವುಗಳಲ್ಲಿ ದಿನ ಕಳೆಯಬೇಡಿ.

ಎರಡನೆಯವನು ಠಾಣೇದಾರ ಮತ್ತು ಅವನ ಕೈಕೆಳಗಿನ ನಾಯಕ. 1510ರಲ್ಲಿ ಪೋರ್ಚುಗೀಸ್ ದಂಡನಾಯಕ ಅಲ್ಬುಕರ್ಕ್ ಗೋವೆ ಹಿಡಿದಾಗ ನೆರವಿಗೆ ನಿಂತವನು ಹೊನ್ನಾವರದ ತಿಮ್ಮಯ್ಯ, ಪೋರ್ಚುಗೀಸರ ಬಾಯಲ್ಲಿ ‘ತಿಮೋಜ’. ಸುತ್ತಲಿನ ನೆಲದ ಕಂದಾಯ ಮತ್ತು ಸ್ಥಳೀಯ ಕಾಲಾಳುಗಳ ಉಸ್ತುವಾರಿ ಮೊದಲಿಗೆ ಅವನ ಪಾಲಿಗೆ ಬಂತು. ಕಂದಾಯ ಎತ್ತುವವನೇ ಆಳು ಕಟ್ಟುವವನೂ ಆಗಿದ್ದ ಈ ಜೋಡಿ ಕೆಲಸವನ್ನು ನೆನಪಿಟ್ಟುಕೊಳ್ಳಿ, ಮುಂದಿನ 300 ವರ್ಷ ಅದು ಬೇರೆ ಬೇರೆ ವೇಷದಲ್ಲಿ ತಲೆ ಹಾಕುತ್ತಲೇ ಇರುತ್ತದೆ. ಇವರ ಕೈಕೆಳಗಿನ ಸ್ಥಳೀಯ ಸೈನಿಕರಿಗೆ ಕಡತಗಳಲ್ಲಿ ‘ಲಸ್ಕರಿಂ’, ‘ಪಿಯಾಂವ್’ ಎಂಬ ಹೆಸರು, ಮುಂದೆ ‘ಸಿಪಾಯ್’. ಅವರ ಮುಖಂಡನೇ ‘ನಾಯ್ಕ್’.

ಮೂರನೆಯವನು ಹಳೆಯ ಪ್ರಾಂತ್ಯಗಳಾದ ತಿಸವಾಡಿ, ಬಾರ್ದೇಶ, ಸಾಷ್ಟಿಯ ಊರ ದಳದ ಕಪ್ತಾನ. ಬಹುಮಟ್ಟಿಗೆ ಮತಾಂತರಗೊಂಡ ಗಾಂವ್ಕಾರ (ಊರಿನ ಮೂಲ ಹಕ್ಕುದಾರ) ಮನೆತನದವನು ಅಥವಾ ಪೋರ್ಚುಗೀಸ್ ಮೂಲದವನು. ಸಂಬಳ ಇಲ್ಲ, ಮರ್ಯಾದೆ ಉಂಟು.

ನಾಲ್ಕನೆಯವನು ಹೊಸ ಪ್ರಾಂತ್ಯಗಳ ದೇಸಾಯಿ, ಸರದೇಸಾಯಿ, ಸತ್ತರಿಯ ರಾಣೆ. 1763-64ರಲ್ಲಿ ಹೈದರಾಲಿಯ ಸೈನ್ಯಕ್ಕೆ ಸೋದೆ ಬಿದ್ದಾಗ ಅಲ್ಲಿನ ಅರಸ ಗೋವೆಗೆ ಬಂದು ಪೋರ್ಚುಗೀಸರ ಆಶ್ರಯದಲ್ಲಿ ನೆಲೆಸಿದ. ಫೋಂಡಾ ಮತ್ತು ಅದರ ದಕ್ಷಿಣದ ಸೀಮೆಗಳು ಪೋರ್ಚುಗೀಸರ ಕೈಸೇರಿದ್ದು ಆ ಗದ್ದಲದಲ್ಲಿ. ಡಿಚೋಲಿ, ಸತ್ತರಿ, ಪೆಡ್ಣೆ ಸೇರಿದ್ದು 1780ರ ದಶಕದಲ್ಲಿ. ಈ ಸೀಮೆಗಳಲ್ಲಿ ಆಳು ಕಟ್ಟುವ ಬಲ ಪೋರ್ಚುಗೀಸರು ಬರುವ ಮುಂಚಿನಿಂದಲೂ ದೇಸಾಯಿಗಳಲ್ಲಿತ್ತು. ಹೊಸ ಧಣಿ ಅದನ್ನು ಕಾಗದದಲ್ಲಿ ಒಪ್ಪಿಕೊಂಡ, ಅಷ್ಟೇ.

ನಿಮ್ಮ ಮನೆ ಫೋಂಡಾ, ಸಾಂಗೆ, ಕೇಪೆ, ಕಾಣಕೋಣ, ಸತ್ತರಿ ಕಡೆಯದಾದರೆ ನಾಲ್ಕನೆಯದರಿಂದ ಶುರುಮಾಡಿ. ಬಾರ್ದೇಶ, ಸಾಷ್ಟಿಯದಾದರೆ ಮೂರನೆಯದರಿಂದ. ಮನೆಮಾತು 1763ಕ್ಕಿಂತ ಹಿಂದಿನದೆಂದು ಹೇಳುತ್ತಿದ್ದು ಊರು ಹೊಸ ಪ್ರಾಂತ್ಯದ್ದಾಗಿದ್ದರೆ, ಆ ಕಪ್ತಾನ ಪೋರ್ಚುಗೀಸರ ಆಳಾಗಿದ್ದಿರಲಿಕ್ಕಿಲ್ಲ. ಸೋದೆಯ, ಸಾವಂತವಾಡಿಯ ಅಥವಾ ಮರಾಠರ ಸನದು ಹುಡುಕಬೇಕಾಗುತ್ತದೆ.

ಊರ ದಳದ ಅಚ್ಚು

ಮೂರನೆಯ ಬಗೆಯವನ ಕಾಗದ ಅರ್ಥವಾಗಲು ಮೂಲ ಅಚ್ಚು ಗೊತ್ತಿರಬೇಕು. ಪೋರ್ಚುಗಲ್ಲಿನ ದೊರೆ ಸೆಬಾಸ್ತಿಯಾಂವ್ 1570ರ ಡಿಸೆಂಬರಿನಲ್ಲಿ ಹೊರಡಿಸಿದ ಕಟ್ಟಳೆಯ ಪ್ರಕಾರ ಒಂದು ದಳದಲ್ಲಿ 250 ಜನ. ಅದರಲ್ಲಿ 25 ಜನರ ಹತ್ತು ತುಕಡಿ, ಪ್ರತಿ ತುಕಡಿಗೊಬ್ಬ ‘ಕಾಬು’. ದಳಕ್ಕೊಬ್ಬ ಕಪ್ತಾನ, ಬಾವುಟ ಹಿಡಿಯುವ ‘ಅಲ್ಫೆರೆಸ್’, ಒಬ್ಬ ‘ಸರ್ಜೆಂತು’. ಎಲ್ಲ ದಳಗಳ ಮೇಲೆ ‘ಕಪಿತಾಂವ್-ಮೋರ್’. ವರ್ಷಕ್ಕೆ ಎರಡು ಸಲ, ಈಸ್ಟರ್ ಹೊತ್ತಿಗೊಮ್ಮೆ ಸೆಪ್ಟೆಂಬರಿನ ಸಂತ ಮಿಗೆಲ್ ಹಬ್ಬಕ್ಕೊಮ್ಮೆ, ದೊಡ್ಡ ಹಾಜರಿ. ಅದಕ್ಕೆ ‘ಅಲಾರ್ದು’ ಎನ್ನುತ್ತಿದ್ದರು. ಆಯುಧ ಅವರವರ ಖರ್ಚಿನದು.

ಬ್ರೆಜಿಲ್ ಆಗಲಿ ಗೋವೆಯಾಗಲಿ, ಈ ಅಚ್ಚನ್ನು ಅಕ್ಷರಶಃ ಪಾಲಿಸಿದವು ಎಂದುಕೊಳ್ಳಬೇಡಿ. 250ರ ದಳ ಅಂದರೆ ಕಾಗದದ ಮೇಲಿನ ಲೆಕ್ಕ. ಹಾಜರಿ ಪಟ್ಟಿಯಲ್ಲಿ ಅರ್ಧದಷ್ಟೇ ಹೆಸರಿದ್ದರೆ ಪುಟ ಕಳೆದಿದೆ ಎಂದು ಗಾಬರಿಯಾಗಬೇಡಿ.

ಸಂಬಳವಿಲ್ಲದ ಹುದ್ದೆಗೆ ಜನ ಯಾಕೆ ಮುಗಿಬೀಳುತ್ತಿದ್ದರು? ಪಟ್ಟಿ ಬರೆಯುವವನು ಕಪ್ತಾನನೇ. ಯಾರ ಮಗ ದಂಡಿಗೆ ಹೋಗಬೇಕು, ಯಾರ ಮಗ ಗದ್ದೆಯಲ್ಲೇ ಉಳಿಯಬೇಕು ಎಂದು ಗುರುತು ಹಾಕುವ ಕೈ ಅವನದು. ಊರಿನಲ್ಲಿ ಇದಕ್ಕಿಂತ ದೊಡ್ಡ ಅಧಿಕಾರ ಬೇಕೆ? ಜೊತೆಗೆ ತೆರಿಗೆ, ಬಿಟ್ಟಿ ಸೇವೆಗಳಲ್ಲಿ ವಿನಾಯಿತಿ, ಇಗರ್ಜಿಯ (ಚರ್ಚಿನ) ಹಬ್ಬದಲ್ಲಿ ಮುಂದಿನ ಸಾಲು. ತಿಸವಾಡಿಯಲ್ಲಿ ಇದರ ಮೇಲೆ ಹೊಳೆ ದಾಟುವ ಕಡವುಗಳ ಕಾವಲು. ಬಾಣಸ್ತಾರಿ, ದಾವ್ಜಿ, ಗಾಂದವ್ಲಿ, ಆಗಶಿಯ ಕಡವುಗಳನ್ನು ಕಡತಗಳು ‘ಪಾಸು’ ಎನ್ನುತ್ತವೆ. ಗಾಂದವ್ಲಿಯದು ‘ಪಾಸು ಸೇಕು’, ಅಂದರೆ ಇಳಿತದ ಹೊತ್ತಿಗೆ ನಡೆದೇ ದಾಟಬಹುದಾದ ಒಣ ಕಡವು. ಕಾವಲಿಗೆ ಅತಿ ಕಷ್ಟದ ಜಾಗ ಅದೇ.

ಏನೇನು ಸಿದ್ಧಪಡಿಸಿಕೊಳ್ಳಬೇಕು

ಒಂದು ಹಾಳೆಯಲ್ಲಿ ಐದು ಸಂಗತಿ ಬರೆದುಕೊಳ್ಳಿ: ಊರು, ವಾಡೊ (ಕೇರಿ), ಕುಲದೇವರು ಅಥವಾ ಇಗರ್ಜಿ, ಗಾಂವ್ಕಾರಿಯಲ್ಲಿ (ಗಾಂವ್ಕಾರರ ಊರ ಸಂಘದಲ್ಲಿ) ಎಷ್ಟನೆಯ ವಾಂಗಡ್ (ವಂಶದ ಪಂಗಡ), ಅಂದಾಜು ಕಾಲ. ಅಡ್ಡಹೆಸರಿಗಿಂತ ವಾಂಗಡ್ ಮುಖ್ಯ. ಮತಾಂತರದ ಹೊತ್ತಿನಲ್ಲಿ ಧರ್ಮಪಿತನ ಅಡ್ಡಹೆಸರು ಹಿಡಿದವರು ಒಂದೇ ಊರಿನಲ್ಲಿ ಹತ್ತಾರು ಮನೆ ಇರುತ್ತಾರೆ, ಅವರೆಲ್ಲ ಒಂದೇ ವಂಶ ಅಲ್ಲ. ಹೆಸರು ನೋಡಿ ವಂಶವೃಕ್ಷ ಬರೆದವರು ಬಹುತೇಕ ಎಡವುವುದು ಇಲ್ಲೇ.

ಆಮೇಲೆ ಹೆಸರುಗಳ ಪೋರ್ಚುಗೀಸ್ ರೂಪದ ಪಟ್ಟಿ ಮಾಡಿ. ಪ್ರಭು ಅನ್ನುವುದನ್ನು ‘ಪೊರೊಬು’ ಎಂದು, ಕಾಮತರನ್ನು ‘ಕಮೊತಿಂ’ ಎಂದು, ಶೆಣೈಯನ್ನು ‘ಸಿನಾಯ್’ ಎಂದು ಬರೆಯುತ್ತಾರೆ. ನಾಯಕನ ಕೊನೆಯಲ್ಲಿ ಕ್ಯೂ-ಯು-ಇ ಅಕ್ಷರಗಳಿರುತ್ತವೆ. ದೇಸಾಯಿಗೆ ಎರಡು ಎಸ್. ಹಳೆಯ ಕೈಬರಹದಲ್ಲಿ ಎಕ್ಸ್ ಅಕ್ಷರ ಕಂಡರೆ ‘ಶ’ ಎಂದು ಓದಿ. ಊರುಗಳೂ ಹೀಗೆಯೇ: ಸೋದೆ ‘ಸುಂದ’, ಹೊನ್ನಾವರ ‘ಒನೋರ್’, ಬಸರೂರು ‘ಬರ್ಸೆಲೋರ್’, ಮಿರ್ಜಾನ ‘ಮೆರ್ಜೆವ್’. ಹೊನ್ನಾವರ, ಬಸರೂರು, ಮಂಗಳೂರಿನ ಕೋಟೆಗಳು 1650ರ ದಶಕದಲ್ಲಿ ಕೆಳದಿಯ ಶಿವಪ್ಪನಾಯಕನ ಪಾಲಾದವು. ಅದಕ್ಕೂ ಹಿಂದಿನ ಪುಸ್ತಕಗಳಲ್ಲಿ ನಮ್ಮ ಕರಾವಳಿಯ ಹೆಸರುಗಳು ಮೇಲಿಂದ ಮೇಲೆ ಬರುತ್ತವೆ.

ಸಾಮಾನು ಹೆಚ್ಚೇನಿಲ್ಲ. ಸೀಸದಕಡ್ಡಿ ಎರಡು (ಪೆನ್ನು ಒಳಗೆ ಒಯ್ಯಬೇಡಿ), ಭೂತಗನ್ನಡಿ, ಗೀಟಿಲ್ಲದ ನೋಟುಬುಕ್ಕು, ಗುರುತಿನ ಚೀಟಿ, ಏನು ಹುಡುಕುತ್ತಿದ್ದೀರಿ ಎಂದು ಸ್ಪಷ್ಟವಾಗಿ ಬರೆದ ಅರ್ಜಿ. ‘ಮನೆತನದ ಇತಿಹಾಸ’ ಎಂದಷ್ಟೇ ಬರೆದರೆ ಸಿಬ್ಬಂದಿಗೆ ಯಾವ ಪುಸ್ತಕ ತರಬೇಕೆಂದೇ ತಿಳಿಯುವುದಿಲ್ಲ. ಪ್ರಾಂತ್ಯ, ವರ್ಷ, ದಾಖಲೆಯ ಸಾಲು, ಈ ಮೂರೂ ಅರ್ಜಿಯಲ್ಲಿರಲಿ. ಫೋಟೊ ತೆಗೆಯುವ ಅನುಮತಿಯನ್ನು ಬೇರೆಯಾಗಿ ಕೇಳಿ. ವಾಸ್ಕೊದಿಂದಲೋ ಮಡಗಾವಿನಿಂದಲೋ ಕದಂಬ ಬಸ್ಸಿನಲ್ಲಿ ಹೋಗುವವರು ಮೊದಲೇ ಫೋನು ಮಾಡಿ ಪುಸ್ತಕ ಓದಲು ಕೊಡುವ ಸ್ಥಿತಿಯಲ್ಲಿದೆಯೇ ಎಂದು ವಿಚಾರಿಸಿ. ಆ ಕಾಲದ ಮಸಿಯಲ್ಲಿ ಕಬ್ಬಿಣದಂಶವಿದ್ದು ಅದು ಕಾಗದವನ್ನೇ ತಿಂದುಹಾಕುತ್ತದೆ, ಅಕ್ಷರ ಇದ್ದ ಜಾಗದಲ್ಲಿ ಅಕ್ಷರದಾಕಾರದ ತೂತು ಉಳಿದಿರುತ್ತದೆ. ಅಂಥ ಪುಸ್ತಕವನ್ನು ಕೈಗೆ ಕೊಡುವುದಿಲ್ಲ.

ಯಾವ ಪುಸ್ತಕ ಕೇಳಬೇಕು

ಪಣಜಿಯ ಪತ್ರಾಗಾರಕ್ಕೆ 1595ರಲ್ಲಿ ಬುನಾದಿ ಬಿತ್ತು, ಮೊದಲ ಪತ್ರಪಾಲ ಇತಿಹಾಸಕಾರ ದಿಯೊಗು ದು ಕೌತು. ಅಲ್ಲಿನ ಸಾಲುಗಳಲ್ಲಿ ನಿಮಗೆ ಬೇಕಾದವು ಕೆಲವೇ.

ನೇಮಕದ ಸನದುಗಳಿಗೆ ‘ಕಾರ್ತಾಸ್ ಪಾತೆಂತೆಸ್’ ಎಂಬ ಪುಸ್ತಕಗಳು. ದಾನ, ಬಹುಮಾನಗಳಿಗೆ ‘ಮೆರ್ಸೆಸ್ ಜೆರಾಯ್ಸ್’. ಲಿಸ್ಬನ್ ಜೊತೆಗಿನ ಪತ್ರವ್ಯವಹಾರಕ್ಕೆ ‘ಮೊನ್ಸೊಯ್ನ್ಸ್ ದು ರೈನು’. ಹಡಗುಗಳು ಮುಂಗಾರಿನ ಗಾಳಿ ಹಿಡಿದು ಬರುತ್ತಿದ್ದುದರಿಂದ ಈ ಹೆಸರು. ಅಕ್ಕಪಕ್ಕದ ಅರಸರ ಜೊತೆಗಿನ ಪತ್ರಗಳಿಗೆ ‘ರೈಸ್ ವಿಜಿನ್ಯುಸ್’, ಸೋದೆಯ ಅರಸರ ಮತ್ತು ಗಡಿಯ ದೇಸಾಯಿಗಳ ವಿಚಾರ ಇಲ್ಲಿ ದಂಡಿಯಾಗಿದೆ. ಸಂಬಳ ಪಡೆದ ಸಿಪಾಯಿಗಳ ಹೆಸರಿಗೆ ‘ಮತ್ರಿಕುಲ’ ಪಟ್ಟಿಗಳು.

ಕನ್ನಡಿಗರಿಗೆ ನಮ್ಮ ಸಲಹೆ: ‘ರೈಸ್ ವಿಜಿನ್ಯುಸ್’ನಿಂದ ಶುರುಮಾಡಿ. ಪರಿಚಿತ ಹೆಸರುಗಳು ಸಿಕ್ಕರೆ ಕೈಬರಹ ಬೇಗ ಪಳಗುತ್ತದೆ.

ಈ ‘ಮೊನ್ಸೊಯ್ನ್ಸ್’, ಅಂದರೆ ಮುಂಗಾರು ಪುಸ್ತಕಗಳಲ್ಲಿ ಒಂದು ಗುಂಡಿ ಇದೆ. 1605ರಿಂದ 1651ರವರೆಗಿನ 62 ಸಂಪುಟಗಳನ್ನು 1777ರ ಆಜ್ಞೆಯ ಮೇರೆಗೆ ಲಿಸ್ಬನ್ನಿಗೆ ಸಾಗಿಸಲಾಯಿತು, ಈಗ ಅವು ಅಲ್ಲಿನ ರಾಷ್ಟ್ರೀಯ ಪತ್ರಾಗಾರ ತೋರ್ ದು ತೋಂಬುವಿನಲ್ಲಿವೆ. ಆ ವರ್ಷಗಳಿಗಾಗಿ ಪಣಜಿಯಲ್ಲಿ ವಾರಗಟ್ಟಲೆ ಕೂರಬೇಡಿ, ಲಿಸ್ಬನ್ನಿನ ಜಾಲತಾಣದ ಸೂಚಿಯನ್ನು ಮೊದಲು ನೋಡಿ. ಸಂಪುಟದ ಸಂಖ್ಯೆ ಬರೆದುಕೊಳ್ಳುವಾಗ ಅದರ ಮುಂದಿನ ಎ, ಬಿ ಅಕ್ಷರ ಬಿಡಬೇಡಿ. 95 ಬೇರೆ, 95-ಎ ಬೇರೆ.

ವರ್ಷ ಗೊತ್ತಿಲ್ಲದಿದ್ದರೆ ಯುದ್ಧದ ವರ್ಷಗಳಿಂದ ಆರಂಭಿಸಿ. ಹೆದರಿಕೆ ಬಂದಾಗಲೇ ಊರ ದಳಗಳ ನೆನಪಾಗುವುದು, ಆಗಲೇ ಸನದುಗಳು ಕಂತೆಗಟ್ಟಲೆ ಹೊರಡುವುದು. ಶಿವಾಜಿಯ ಪಡೆ ಬಾರ್ದೇಶಕ್ಕೆ ನುಗ್ಗಿದ 1667, ಸಂಭಾಜಿಯ ದಾಳಿಯ 1683, ಮರಾಠರು ಸಾಷ್ಟಿಯನ್ನೂ ಸಾವಂತವಾಡಿಯವರು ಬಾರ್ದೇಶವನ್ನೂ ಆಕ್ರಮಿಸಿದ 1739. ಈ ಮೂರರ ಸುತ್ತ ಐದೈದು ವರ್ಷ ನೋಡಿದರೆ ಬಹಳಷ್ಟು ಕೆಲಸ ಮುಗಿಯುತ್ತದೆ. 1837ರ ಡಿಸೆಂಬರಿನಿಂದಾಚೆಗೆ ಸರ್ಕಾರಿ ಗೆಜೆಟ್ ‘ಬೊಲೆತಿಂ’ ಅಚ್ಚಾಗತೊಡಗಿತು. ನೇಮಕ, ನಿವೃತ್ತಿ, ವಜಾ ಎಲ್ಲ ಅದರಲ್ಲಿದೆ, ಅದೂ ಮುದ್ರಿತ ಅಕ್ಷರದಲ್ಲಿ. 19ನೇ ಶತಮಾನದ ಕಪ್ತಾನನನ್ನು ಹುಡುಕುವವರು ಕೈಬರಹದ ತಂಟೆಗೇ ಹೋಗದೆ ಇಲ್ಲಿಂದ ಶುರುಮಾಡಬಹುದು. ಪಣಜಿಯ ಪಾಟ್ಟೊದ ಕೃಷ್ಣದಾಸ ಶಾಮಾ ಕೇಂದ್ರ ಗ್ರಂಥಾಲಯವನ್ನೂ ಇದಕ್ಕಾಗಿ ವಿಚಾರಿಸಿ.

ಒಂದು ಸನದನ್ನು ಓದುವುದು

ಎಲ್ಲ ಪಾತೆಂತೆಗಳಿಗೂ ಒಂದೇ ಅಸ್ಥಿಪಂಜರ. ಅದು ತಿಳಿದರೆ ಭಾಷೆ ಅರೆಬರೆ ಬಂದರೂ ಸಾಕು.

ಮೊದಲ ಸಾಲು ವೈಸರಾಯಿ ಅಥವಾ ಗವರ್ನರನ ಬಿರುದುಗಳು, ನಂತರ ‘ಫಾಸು ಸಬೇರ್’, ಅಂದರೆ ‘ತಿಳಿಯಪಡಿಸುತ್ತೇನೆ’. ಇವನ್ನು ಹಾರಿಸಿ. ‘ಅವೆಂದು ರೆಸ್ಪೈತು’ ಎಂಬಲ್ಲಿ ನಿಲ್ಲಿ. ‘ಪರಿಗಣಿಸಿ’ ಎಂದು ಅರ್ಥ. ಇಲ್ಲಿಂದ ಆ ಮನುಷ್ಯನ ಹಿಂದಿನ ಸೇವೆಗಳ ಪಟ್ಟಿ ಬರುತ್ತದೆ. ಅದಾದ ಮೇಲೆ ‘ಪೊರ್ ಇಶ್ತಾರ್ ವಾಗು’, ಅಂದರೆ ಹುದ್ದೆ ಖಾಲಿ ಇರುವುದರಿಂದ. ಯಾರು ಸತ್ತು ಅಥವಾ ಬಿಟ್ಟುಹೋಗಿ ಖಾಲಿಯಾಯಿತು ಎಂದು ಇಲ್ಲಿ ಹೆಸರು ಹೇಳುತ್ತಾರೆ. ಈ ಒಂದು ಸಾಲನ್ನು ಅಕ್ಷರ ಬಿಡದೆ ಬರೆದುಕೊಳ್ಳಿ. ಹಿಂದಿನವನ ಹೆಸರು ಸಿಕ್ಕಿತು ಎಂದರೆ ಅವನ ಸನದು ಹುಡುಕಬಹುದು, ಅಲ್ಲಿ ಅವನ ಹಿಂದಿನವನು. ಹೀಗೆ ಸರಪಳಿ ಹಿಡಿದು ಎರಡು ಮೂರು ತಲೆಮಾರು ಹಿಂದೆ ಹೋಗಬಹುದು. ಹುದ್ದೆ ಒಂದೇ ಮನೆಯಲ್ಲಿ ಸುತ್ತುತ್ತಿತ್ತೋ ಎರಡು ಮನೆಗಳ ನಡುವೆ ಜಗ್ಗಾಟವಿತ್ತೋ ಎಂಬುದೂ ಇದರಲ್ಲೇ ಗೊತ್ತಾಗುತ್ತದೆ.

ಮುಂದಿನದು ಪರೀಕ್ಷೆಯ ಸಾಲು. ‘ನಾಂವ್ ವೆನ್ಸೆರಾ ಸೋಲ್ದು ಅಲ್ಗುಂ’ ಎಂದಿದ್ದರೆ ‘ಯಾವ ಸಂಬಳವನ್ನೂ ಪಡೆಯತಕ್ಕದ್ದಲ್ಲ’, ಅಂದರೆ ಊರ ದಳದವನು. ಸಂಬಳದ ಮೊತ್ತ ಇದ್ದರೆ ಖಾಯಂ ಸೈನ್ಯದವನು, ಅವನನ್ನು ಮತ್ರಿಕುಲದಲ್ಲಿ ಹುಡುಕಿ. ಮೊತ್ತ ‘ಶೆರಾಫಿಂ’ನಲ್ಲಿರುತ್ತದೆ: ಒಂದು ಶೆರಾಫಿಂ ಅಂದರೆ 5 ತಾಂಗ, 300 ರೈಸ್. ಸಂಬಳವಿಲ್ಲ ಎಂದ ಬೆನ್ನಿಗೇ ಗೌರವ, ಸವಲತ್ತು, ವಿನಾಯಿತಿಗಳ ಉದ್ದದ ಸರಮಾಲೆ. ಅದು ಎಲ್ಲ ಸನದುಗಳಲ್ಲೂ ಇರುವ ಕಂಠಪಾಠದ ಮಾತು, ನಿಮ್ಮ ಹಿರಿಯರಿಗೆ ವಿಶೇಷವಾಗಿ ಕೊಟ್ಟದ್ದೆಂದು ಹಿಗ್ಗಬೇಡಿ. ಕೊನೆಗೆ ಅಧಿಕಾರ ವಹಿಸಿಕೊಡುವ, ಪ್ರಮಾಣ ಮಾಡಿಸುವ ಆಜ್ಞೆ, ತಾರೀಕು. ಅಂಚಿನಲ್ಲೋ ಹಿಂಬದಿಯಲ್ಲೋ ‘ಕುಂಪ್ರಸೆ’, ‘ಜಾರಿಯಾಗಲಿ’ ಎಂಬ ಷರಾ. ಕಟ್ಟಿದ ಶುಲ್ಕದ ಟಿಪ್ಪಣಿ. ಜಾರಿಯ ಷರಾ ಇಲ್ಲದ ಸನದು ಕಂಡರೆ ಆತ ಹುದ್ದೆ ವಹಿಸಿಕೊಂಡನೇ ಎಂಬುದನ್ನು ಬೇರೆ ಕಡೆ ಖಚಿತಪಡಿಸಿಕೊಳ್ಳಿ.

ಪುಟ ನಮೂದಿಸುವಾಗ ಜಾಗ್ರತೆ. ಸಂಖ್ಯೆ ಹಾಕಿರುವುದು ಹಾಳೆಗೆ, ಪುಟಕ್ಕಲ್ಲ. 43ರ ಮುಂಬದಿ, 43ರ ಹಿಂಬದಿ ಎಂದು ಬರೆಯಿರಿ. ಮೊದಲ ವಾರ ದಿನಕ್ಕೆ ಎರಡು ಹಾಳೆ ಓದಿದರೆ ಬೇಸರ ಬೇಡ, ಅದೇ ಸರಿಯಾದ ವೇಗ.

ಎಡವುವ ಜಾಗಗಳು

ತಾರೀಕಿನಲ್ಲಿ 7 ಅಂಕೆ ಬರೆದು ಮುಂದೆ ಬಿ-ಆರ್-ಓ ಎಂದಿದ್ದರೆ ಅದು ಜುಲೈ ಅಲ್ಲ, ಸೆಪ್ಟೆಂಬರು. ಪೋರ್ಚುಗೀಸಿನಲ್ಲಿ ಏಳಕ್ಕೆ ‘ಸೆತೆ’, ತಿಂಗಳು ‘ಸೆತೆಂಬ್ರು’. 8 ಇದ್ದರೆ ಅಕ್ಟೋಬರು, 9 ಇದ್ದರೆ ನವೆಂಬರು, 10 ಅಥವಾ ಎಕ್ಸ್ ಇದ್ದರೆ ಡಿಸೆಂಬರು. ಈ ತಪ್ಪಿನಿಂದ ಮಳೆಗಾಲದ ನಡುಮಧ್ಯೆ ದಂಡು ಹೊರಡಿಸಿಬಿಡುವವರಿದ್ದಾರೆ.

‘ಕಪಿತಾಂವ್’ ಎಂಬುದನ್ನು ಪೂರ್ತಿ ಬರೆಯುವುದು ಅಪರೂಪ. ಸಿ-ಎ-ಪಿ ಎಂದು ಬರೆದು ಮೇಲೆ ಸಣ್ಣದಾಗಿ ಎ-ಎಂ ಎಂದು ತೂಗಿಬಿಡುತ್ತಾರೆ. ಅದರ ಮುಂದೆ ‘ಗ್ರಾದುವಾದು’ ಇದ್ದರೆ ದರ್ಜೆ ಮಾತ್ರ ಕೊಟ್ಟದ್ದು, ‘ರೆಫೊರ್ಮಾದು’ ಇದ್ದರೆ ನಿವೃತ್ತ. ಈ ಎರಡು ಪದ ಬಿಟ್ಟು ನಕಲು ಮಾಡಿದರೆ, ಮನೆಯಲ್ಲಿ ಕುಳಿತ ಮುದುಕ ಯುದ್ಧದ ಮುಂಚೂಣಿಯಲ್ಲಿದ್ದಂತೆ ಕಾಣುತ್ತಾನೆ.

ಹೊಸ ಪ್ರಾಂತ್ಯಗಳ ಹಳೆಯ ಕಾಗದಗಳು ಬಹುಪಾಲು ಮೋಡಿ ಲಿಪಿಯ ಮರಾಠಿಯಲ್ಲಿವೆ. ಶಕವರ್ಷಕ್ಕೆ 78 ಕೂಡಿಸಿ, ಕೊನೆಯ ಎರಡು ಮೂರು ತಿಂಗಳಿಗೆ 79. ಮರಾಠಿ ಕಡತಗಳ ಇನ್ನೊಂದು ವರ್ಷಗಣನೆಯಾದ ಶುಹೂರ್ ಸನ್ ಅರಬ್ಬಿ ಸಂಖ್ಯಾಪದಗಳಲ್ಲಿರುತ್ತದೆ: ‘ಸಲಾಸ್ ಸಬೈನ್ ಮಯಾ ವ ಅಲಫ್’ ಎಂದರೆ 3, 70, 100, 1000, ಒಟ್ಟು 1173. ಜೂನಿನಿಂದ ಡಿಸೆಂಬರಿಗೆ 599, ಜನವರಿಯಿಂದ ಮೇ ತನಕ 600 ಕೂಡಿಸಿದರೆ 1772-73. ಹಳೆಯ ಪ್ರಾಂತ್ಯಗಳ ಗಾಂವ್ಕಾರಿ ದಾಖಲೆಗಳಲ್ಲಿ ಅಪರೂಪಕ್ಕೆ ಗೋಯ್‌ಕಾನಡಿ ಎದುರಾಗುತ್ತದೆ. ಅಕ್ಷರ ಹಳಗನ್ನಡದ ಸಂಬಂಧಿ, ಮಾತು ಕೊಂಕಣಿ ಅಥವಾ ಮರಾಠಿ. ಕನ್ನಡದ ಹಳೆಯ ಕಡತದ ಬರಹ ಓದಿ ಅಭ್ಯಾಸವಿದ್ದವರಿಗೆ ಇದು ಮೋಡಿಗಿಂತ ಸಲೀಸು. ಗೋವೆಯ ಬೇರೆ ಸಂಶೋಧಕರಿಗಿಲ್ಲದ ಅನುಕೂಲ ಇದು, ಬಿಡಬೇಡಿ.

ಹೊಲದ ಜಾಡು

ದೇಸಾಯಿ, ರಾಣೆ ಮನೆತನಗಳಿಗೆ ಪಾತೆಂತೆ ಸಿಗದಿದ್ದರೂ ಕೆಲಸ ನಿಲ್ಲುವುದಿಲ್ಲ. ‘ಮೊಕಾಸೊ’ ಎಂಬ ಪದ ಹುಡುಕಿ. ಸೇವೆಗಾಗಿ ಬಿಟ್ಟುಕೊಟ್ಟ ಊರು ಅಥವಾ ಭೂಮಿ ಅದು. ಧಾರವಾಡ, ಬೆಳಗಾವಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದೇಸಗತಿ ಗೊತ್ತು, ಹೊಲ ಉಂಡು ಊರು ಕಾಯುವ ಶೇತಸನದಿ ಗೊತ್ತು. ಸಂಗೊಳ್ಳಿ ರಾಯಣ್ಣ ಶೇತಸನದಿಯೇ ಆಗಿದ್ದ. ಆ ಹೊಲಕ್ಕೆ ಕೈ ಹಾಕಿದರೆ ಏನಾಗುತ್ತದೆಂದು ಕಿತ್ತೂರು ಸೀಮೆ ತೋರಿಸಿದೆ. ಸತ್ತರಿಯದೂ ಅದೇ ಗಣಿತ. ಮೊಕಾಸೊ ಕೊಟ್ಟು ಆಳು ಕೇಳಿದ ಸರ್ಕಾರ, ಆಮೇಲೆ ಹಕ್ಕುಗಳನ್ನು ಒಂದೊಂದಾಗಿ ಮೊಟಕು ಮಾಡಿದಾಗ ಅದೇ ಆಳುಗಳು ತಿರುಗಿಬಿದ್ದವು. ದೀಪಾಜಿ ರಾಣೆ 1852ರಲ್ಲಿ ನಾಣೂಸ್ ಕೋಟೆ ಹಿಡಿದ, ಬಂಡಾಯ 1855ರಲ್ಲಿ ರಾಜಿಯಾಗಿ ಮುಗಿಯಿತು. 1869ರಿಂದ ಕುಷ್ಟೋಬಾ ರಾಣೆಯ ಬಂಡಾಯ. 1895ರಲ್ಲಿ ಮೊಜಾಂಬಿಕ್‌ಗೆ ಹೋಗಲೊಲ್ಲೆವೆಂದ ಮರಾಠಾ ಸಿಪಾಯಿಗಳ ದಂಗೆ ರಾಣೆಯವರ ಬಂಡಾಯದ ಜೊತೆ ಕೂಡಿಕೊಂಡಿತು. ಬಂಡಾಯದ ವರ್ಷಗಳ ‘ಬೊಲೆತಿಂ’ ಮತ್ತು ರಾಜಿ ಷರತ್ತುಗಳನ್ನು ಓದಿ: ಯಾರ ಯಾವ ಭೂಮಿ ಜಪ್ತಿಯಾಯಿತು, ಯಾವುದು ಮರಳಿತು ಎಂಬ ವಿವರದಲ್ಲಿ ಊರ ಮುಖಂಡರ ಹೆಸರು ಸಿಗಬಹುದು. ದಾಖಲೆಯಲ್ಲಿ ‘ದರೋಡೆಕೋರ’ ಎಂದೇ ಕರೆದಿದ್ದರೆ ಆಶ್ಚರ್ಯ ಬೇಡ. ಹಿಂದಿನ ಕಡತದಲ್ಲಿ ಸರ್ಕಾರದ ಮೊಕಾಸದಾರನಾಗಿದ್ದವನೇ ಅವನಾಗಿರಬಹುದು.

ಘಟ್ಟದ ದಾರಿಗಳನ್ನೂ ನೋಡಿ. ದಿಗ್ಗಿ, ತಿನೈ ಘಟ್ಟಗಳ ಬುಡದ ದೇಸಾಯಿಗಳಿಗೆ ಉಪ್ಪಿನ ಎತ್ತುಗಳು ಹತ್ತಿ ಇಳಿಯುವ ದಾರಿಯ ಕಾವಲು ಆದಾಯವೂ ಆಗಿತ್ತು. ಸುಂಕದ ಲೆಕ್ಕದಲ್ಲಿ ಕಾಣುವ ಹೆಸರನ್ನು ಮೊಕಾಸೊ ಪಟ್ಟಿಯ ಹೆಸರಿನ ಜೊತೆ ತಾಳೆ ಹಾಕಿ.

ಹಳೆಯ ಪ್ರಾಂತ್ಯಗಳಲ್ಲಿ ತಾಳೆ ನೋಡಲು ಎರಡು ಜಾಗ. ಒಂದು, ಕೊಮುನಿದಾದಿನ (ಗಾಂವ್ಕಾರಿಯ ಪೋರ್ಚುಗೀಸ್ ಹೆಸರು) ‘ನೇಮ’ ಪುಸ್ತಕ, ಅಂದರೆ ಗಾಂವ್ಕಾರಿಯ ಠರಾವುಗಳು. ಕಾವಲಿನ ಖರ್ಚು, ದಂಡಿಗಾಗಿ ಹೇರಿದ ಹೆಚ್ಚುವರಿ ವಂತಿಗೆ ‘ದೆರ್ರಾಮ’, ಇವೆಲ್ಲ ಇಲ್ಲಿ ನಮೂದಾಗುತ್ತವೆ. ಇನ್ನೊಂದು, ಇಗರ್ಜಿಯ ದೀಕ್ಷಾಸ್ನಾನದ ಪುಸ್ತಕ. ಒಬ್ಬ ಕಪ್ತಾನ ಹತ್ತು ವರ್ಷದಲ್ಲಿ ಎಷ್ಟು ಮಕ್ಕಳಿಗೆ ‘ಪಾದ್ರಿನ್ಯು’, ಅಂದರೆ ಧರ್ಮಪಿತನಾಗಿ ನಿಂತ, ಆ ಮಕ್ಕಳ ತಂದೆಯರು ಯಾವ ವಾಡೊದವರು ಎಂದು ಎಣಿಸಿ. ಸನದಿನಲ್ಲಿ ಒಂದು ದಳದ ಕಪ್ತಾನ ಎಂದಿದ್ದು, ಧರ್ಮಪಿತನಾಗಿದ್ದೆಲ್ಲ ತನ್ನ ವಾಡೊದ ನಾಲ್ಕು ಮನೆಗೆ ಮಾತ್ರವಾದರೆ, ಅವನ ಕೂಗಿಗೆ ಎಷ್ಟು ಜನ ಹೊರಬರುತ್ತಿದ್ದರು ಎಂದು ಅಲ್ಲಿಗೇ ಅಂದಾಜಾಗುತ್ತದೆ.

ಜಾಡು 1871ಕ್ಕೆ ಬಂದು ತಟ್ಟನೆ ನಿಂತರೆ ನಿಮ್ಮ ತಪ್ಪಲ್ಲ. ಆ ವರ್ಷದ ಸೇನಾ ದಂಗೆಯ ಬಳಿಕ ಗೋವೆಯ ಸೈನ್ಯವನ್ನೇ ವಿಸರ್ಜಿಸಿದರು. ಅಲ್ಲಿಂದಾಚೆಗೆ ಆ ಮನೆಯವರನ್ನು ‘ಬೊಲೆತಿಂ’ನ ‘ರೆಜೆದೋರ್’, ಅಂದರೆ ಊರ ಆಡಳಿತಗಾರರ ನೇಮಕಗಳಲ್ಲಿ ಹುಡುಕಿ.